ಸೀಸದ ಕಾಸು ಗುಜರಿ ಪಾಲಾಗೋದು ನಿಲ್ಲಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಚಿತ್ರದುರ್ಗದ ಸುತ್ತಮುತ್ತ ಈಗ ಒಂದು ಮಳೆ ಬಿದ್ದು ನೆಲ ಹದ ಆದ್ರೆ ಸಾಕು, ಹುಡುಗ್ರು ಮೆಟಲ್ ಡಿಟೆಕ್ಟರ್ ಹಿಡ್ಕೊಂಡು ಹೊಲ, ಹಾಳೂರು ದಿಬ್ಬ, ಊರಾಚೆ ಗುಡಿ ಅಂತ ಸುತ್ತೋಕೆ ಶುರು ಮಾಡ್ತಾರೆ. ಆನ್‌ಲೈನಲ್ಲಿ ಕೆಲವು ಸಾವಿರಕ್ಕೆ ಮಷೀನ್ ಸಿಗುತ್ತೆ, ಮೂವತ್ತಡಿ ಆಳದ ಬಂಗಾರ ತೋರ್ಸುತ್ತೆ ಅಂತ ವಿಡಿಯೋಗಳು ಬೇರೆ. ಅದೆಲ್ಲ ಶುದ್ಧ ಮೋಸ, ಯಾರೂ ದುಡ್ಡು ಕಳ್ಕೋಬೇಡಿ. ಕೈಯಲ್ಲಿ ಹಿಡಿಯೋ ಮಾಮೂಲಿ ಡಿಟೆಕ್ಟರ್ ಒಂದು ಕಾಸನ್ನ ಹೆಚ್ಚಂದ್ರೆ ಒಂದಡಿ ಒಳಗೆ ಹಿಡಿಯುತ್ತೆ ಅಷ್ಟೆ, ಬಂಗಾರಕ್ಕೂ ಬೀಪ್ ಅನ್ನುತ್ತೆ, ಸೀಸಕ್ಕೂ ಬೀಪ್ ಅನ್ನುತ್ತೆ, ಸೋಡಾ ಬಾಟ್ಲಿ ಮುಚ್ಚಳಕ್ಕೂ ಬೀಪ್ ಅನ್ನುತ್ತೆ.

ನಾನು ಬರೀತಿರೋದು ಆ ಸೀಸದ ವಿಷಯಾನೇ. ಬಂಗಾರ ಹುಡುಕೋರಿಗೆ ಸೀಸ ಅಂದ್ರೆ ಕಸ, ಮಣ್ಣು ಮೆತ್ತಿದ ಬೂದುಬಣ್ಣದ ಬಿಲ್ಲೆ ಸಿಕ್ರೆ ಎಸೀತಾರೆ, ಇಲ್ಲಾ ತೂಕಕ್ಕೆ ಗುಜರಿಗೆ ಹಾಕ್ತಾರೆ. ಆದ್ರೆ ನಮ್ಮ ಕೋಟೆ ಪಕ್ಕದ ಚಂದ್ರವಳ್ಳೀಲಿ ಶಾತವಾಹನರ ಕಾಲದ ನಾಣ್ಯ ಅಂತ ಸಿಕ್ಕಿದ್ರಲ್ಲಿ ಮುಖ್ಯವಾದವು ಸೀಸದ್ದೇ! ಸದಕಣ ಕಳಲಾಯ ಮಹಾರಠಿ ಅಂತ ಒಬ್ಬ ದೊರೆ ಈ ಸೀಮೇಲಿ ಇದ್ದ ಅನ್ನೋದು ನಮಗೆ ಗೊತ್ತಾಗಿದ್ದೇ ಗೂಳಿ ಚಿತ್ರ ಇರೋ ಅಂಥ ಸೀಸದ ಕಾಸಿಂದ. ಅದನ್ನ ಯಾರಾದ್ರೂ ಗುಜರಿಗೆ ಹಾಕಿದ್ರೆ ಆ ಹೆಸರೇ ಉಳೀತಿರಲಿಲ್ಲ.

ಇನ್ನೊಂದು ಮಾತು, ನಾಣ್ಯ ಸಿಕ್ರಷ್ಟೇ ಸಾಲದು, ಎಲ್ಲಿ ಸಿಕ್ತು, ಎಷ್ಟು ಆಳದಲ್ಲಿ, ಜೊತೆಗೆ ಏನಿತ್ತು ಅನ್ನೋದೇ ಅರ್ಧ ಚರಿತ್ರೆ. ಚಂದ್ರವಳ್ಳೀಲಿ 1929ರಲ್ಲಿ ಪುರಾತತ್ವ ತಜ್ಞ ಡಾ. ಎಂ.ಎಚ್. ಕೃಷ್ಣ ಅವರು ಅಗೆಸಿದ್ರು, ಆಮೇಲೆ 1947ರಲ್ಲಿ ಇನ್ನೊಬ್ಬ ಪುರಾತತ್ವ ತಜ್ಞ ಮಾರ್ಟಿಮರ್ ವೀಲರ್ ಬಂದು ಅಗೆಸಿದ್ರು. ಕ್ರಿ.ಶ. 14ರಿಂದ 37ರ ತನಕ ರೋಮ್ ಆಳಿದ ಟಿಬೇರಿಯಸ್‌ನ ಬೆಳ್ಳಿ ನಾಣ್ಯ ಇಲ್ಲಿ ಸಿಕ್ತು, ಅದರ ಜೊತೆಗಿದ್ದ ಮಡಕೆ ಚೂರುಗಳ ಕಾಲ ಗೊತ್ತು ಮಾಡೋಕೆ ಆ ನಾಣ್ಯ ಸಹಾಯ ಆಯ್ತು, ಅಂಥದೇ ಮಡಕೆ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರೀಲೂ ಇದ್ದಿದ್ರಿಂದ ಅಲ್ಲಿನ ಕಾಲ ಲೆಕ್ಕ ಹಾಕೋಕೂ ದಾರಿ ಆಯ್ತು. ಅದೇ ನಾಣ್ಯಾನ ಯಾರೋ ರಾತ್ರಿ ಹೊತ್ತು ಕಿತ್ಕೊಂಡು ಹೋಗಿ ಹುಣಸೆಹಣ್ಣು, ಆಸಿಡ್ ಹಾಕಿ ಉಜ್ಜಿ ಮಾರಿದ್ದಿದ್ರೆ ಏನು ತಿಳೀತಿತ್ತು ಹೇಳಿ?

ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ದೆ ಅಗೆಯೋದು ಅಪರಾಧ, ಅದರಲ್ಲಿ ಎರಡು ಮಾತಿಲ್ಲ. 2019ರಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನಾನೇ ನಿಧಿ ಆಸೆಗೆ ಒಡೆದು ಹಾಕಿದ್ರು, ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ಅಂಥೋರಿಗೆ ಜೈಲೇ ಸರಿ. ಆದ್ರೆ ತನ್ನ ಹೊಲ ಉಳುವಾಗ ಕಾಸು ಸಿಗೋ ರೈತನ್ನೂ ಕಳ್ಳನ ಥರ ನೋಡಿದ್ರೆ ಹೆಂಗೆ? ಹಾಳೂರು ಮಣ್ಣು ಒಳ್ಳೇ ಗೊಬ್ಬರ ಅಂತ ಹಿಂದಿನಿಂದ ಹೊಲಕ್ಕೆ ಹೊಡ್ಕೊಂಡು ಬಂದಿದಾರೆ, ಅದರ ಜೊತೆ ಮಣಿ, ಕಾಸು, ಬಳೆ ಚೂರು ಎಲ್ಲ ಬಂದಿರುತ್ತೆ. 1962ರ ನಮ್ಮ ರಾಜ್ಯದ ನಿಧಿ ಕಾಯ್ದೆ ಪ್ರಕಾರ ಡೀಸಿಗೆ ತಿಳಿಸ್ಬೇಕು, ಸರಿ, ಆದ್ರೆ ನಮ್ಮ ಪರಿಚಯದ ರೈತರೊಬ್ರು ನಾಲ್ಕು ತಾಮ್ರದ ಕಾಸು ಒಂದು ಆಫೀಸಿಗೆ ಕೊಡೋಕೆ ಹೋದ್ರೆ ಉಳಿದಿದ್ದು ಎಲ್ಲಿಟ್ಟಿದೀಯ ಅಂತ ಕೇಳಿ ಕೇಳಿ ಸುಸ್ತು ಮಾಡಿ ಕಳ್ಸಿದ್ರು. ಆಮೇಲೆ ಆ ಊರಲ್ಲಿ ಯಾರಾದ್ರೂ ಬಾಯಿ ಬಿಡ್ತಾರಾ, ಸೀದಾ ಆಚಾರ್ರ ಅಂಗಡಿಗೇ ಹೋಗೋದು, ಅಲ್ಲಿ ಕರಗಿಸಿದ ಮೇಲೆ ಮುಗೀತು.

ಇಂಗ್ಲೆಂಡಲ್ಲಿ ಏನ್ ಮಾಡಿದಾರೆ ನೋಡಿ. ಜಮೀನಿನ ಮಾಲೀಕರ ಒಪ್ಪಿಗೆ ಇದ್ರೆ ಡಿಟೆಕ್ಟರ್ ಹಿಡಿಯಬಹುದು, ಸಂರಕ್ಷಿತ ಜಾಗ ಮಾತ್ರ ಮುಟ್ಟಂಗಿಲ್ಲ. 1997ರಿಂದ ಅಲ್ಲಿ ಸಿಕ್ಕ ವಸ್ತುಗಳನ್ನ ದಾಖಲು ಮಾಡೋಕೇ ಆಯಾ ಪ್ರದೇಶಕ್ಕೆ ಅಂತ ಅಧಿಕಾರಿಗಳಿದಾರೆ, ಅವರು ಫೋಟೋ ತೆಗೆದು ಜಾಗ ಗುರುತು ಹಾಕ್ಕೊಂಡು, ನಿಧಿ ಅಂತ ಲೆಕ್ಕಕ್ಕೆ ಬರದ ವಸ್ತುವನ್ನ ಸಿಕ್ಕಿದೋರಿಗೇ ವಾಪಸ್ ಕೊಡ್ತಾರೆ, ಹಂಗೆ 15 ಲಕ್ಷಕ್ಕೂ ಹೆಚ್ಚು ವಸ್ತು ದಾಖಲಾಗಿವೆ. 2009ರಲ್ಲಿ ಸ್ಟ್ಯಾಫರ್ಡ್‌ಶೈರ್‌ನ ಒಂದು ಹೊಲದಲ್ಲಿ ದೊಡ್ಡ ಬಂಗಾರದ ನಿಧಿ ಸಿಕ್ಕಾಗ 32 ಲಕ್ಷ ಪೌಂಡಿಗೂ ಮೇಲೆ ಹಣವನ್ನ ಹುಡುಕಿದೋನಿಗೂ ಹೊಲದ ಯಜಮಾನನಿಗೂ ಹಂಚಿದ್ರು. ದುಡ್ಡು ಬರುತ್ತೆ, ಮರ್ಯಾದೆನೂ ಸಿಗುತ್ತೆ ಅಂದ್ರೆ ಯಾರು ಮುಚ್ಚಿಡ್ತಾರೆ.

ನಮ್ಮಲ್ಲಿ ಡಿಟೆಕ್ಟರ್‌ಗೆ ಬಾಗಿಲು ತೆಗೀರಿ ಅಂತ ನಾನು ಹೇಳ್ತಿಲ್ಲ, ಇಲ್ಲಿ ಹೆಜ್ಜೆ ಹೆಜ್ಜೆಗೂ ಹಳೇ ನೆಲೆ ಇದೆ, ಕಾಯೋಕೆ ಜನ ಇಲ್ಲ, ಹಾಗಾಗಿ ಅಂಥ ಮಷೀನ್ ಮಾರಾಟಕ್ಕೆ ಲೈಸೆನ್ಸ್ ಮಾಡೋದೇ ಒಳ್ಳೇದು ಅಂತ ನನ್ನ ಅಭಿಪ್ರಾಯ. ಪುರಾತತ್ವ ಇಲಾಖೆಯೋರು ಮಾಡ್ಬೇಕಾಗಿರೋದು ಇಷ್ಟು, ತಾಲೂಕಿಗೊಬ್ರು ತಿಳಿದೋರನ್ನ ನೇಮಿಸಿ, ರೈತ ಫೋನ್ ಮಾಡಿದ್ರೆ ಪೊಲೀಸಿಗೂ ಮುಂಚೆ ಅವರು ಹೊಲಕ್ಕೆ ಬರಲಿ, ಎದುರಲ್ಲೇ ತೂಕ ಹಾಕಿ ಫೋಟೋ ತೆಗೆದು ರಸೀದಿ ಕೊಡಲಿ, ಬಹುಮಾನ ಕೊಡೋದಿದ್ರೆ ವರ್ಷಗಟ್ಲೆ ಅಲೆಸದೆ ಕೊಡಲಿ, ವಸ್ತುನ ಜಿಲ್ಲೆಯ ಮ್ಯೂಸಿಯಮ್ಮಲ್ಲೇ ಇಟ್ಟು ಕೆಳಗೆ ಆ ಊರಿನ ಹೆಸರು ಬರೀಲಿ. ಮುಂಗಾರು ಉಳುಮೆ ಶುರುವಾಗೋಕೆ ಮುಂಚೆ ಗ್ರಾಮ ಪಂಚಾಯ್ತಿ ಬೋರ್ಡಲ್ಲಿ ಆ ಫೋನ್ ನಂಬರ್ ಬರೆಸಿದ್ರೆ ಈ ವರ್ಷದಿಂದಲೇ ಕೆಲಸ ಶುರು ಮಾಡಬಹುದು.

ಇಂತಿ,
ಚಿತ್ರದುರ್ಗದ ಒಬ್ಬ ಓದುಗ