ಎರಡನೇ ವಾಚು ಕೇಳಿಕೊಂಡು ಯಾರೂ ಬರುತ್ತಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಸ್ಮಾರ್ಟ್‌ವಾಚ್ ವ್ಯಾಪಾರ ಬಿದ್ದುಹೋಗಿರುವುದಕ್ಕೆ ದೊಡ್ಡ ದೊಡ್ಡ ಕಾರಣಗಳನ್ನು ಹುಡುಕುವವರು ದಾವಣಗೆರೆಯ ನಮ್ಮ ಅಂಗಡಿಯಲ್ಲಿ ಅರ್ಧ ದಿನ ಕುಳಿತರೆ ಸಾಕು. ಮೊಬೈಲ್ ಕವರು, ಚಾರ್ಜರು, ಇಯರ್‌ಫೋನು ಮಾರುವ ಸಣ್ಣ ಅಂಗಡಿ ನಮ್ಮದು. ಮೊದಲ ವಾಚು ಕೊಂಡವರು ನೂರಾರು ಮಂದಿ. ಅದು ಕೆಟ್ಟ ಮೇಲೆ ಇನ್ನೊಂದು ಕೊಡಿ ಎಂದು ಬಂದವರು ಬೆರಳೆಣಿಕೆ. ಕೈಯಲ್ಲಿ ಕಾಸಿಲ್ಲ ಎಂದೇನೂ ಅಲ್ಲ. ಅದೇ ಗಿರಾಕಿ ಅಷ್ಟೇ ದುಡ್ಡು ಕೊಟ್ಟು ಇಯರ್‌ಬಡ್ ಕೊಳ್ಳುತ್ತಾನೆ, ಬಸ್ಸಿನಲ್ಲಿ ಒಂದು ಕಿವಿಯದು ಬಿದ್ದುಹೋದರೆ ತಿಂಗಳೊಳಗೆ ಮತ್ತೆ ಬರುತ್ತಾನೆ. ಇಯರ್‌ಬಡ್ ಇಲ್ಲದೆ ಅವನಿಗೆ ದಿನ ಸಾಗುವುದಿಲ್ಲ. ವಾಚು ಇಲ್ಲದೆ ಸಾಗುತ್ತದೆ ಎಂಬುದು ಅದು ಕೆಟ್ಟ ವಾರದಲ್ಲೇ ಅವನಿಗೆ ತಿಳಿದುಹೋಗಿರುತ್ತದೆ.

ದೇಶದಲ್ಲಿ 2023ರಲ್ಲಿ 5 ಕೋಟಿ ದಾಟಿದ್ದ ಸ್ಮಾರ್ಟ್‌ವಾಚ್ ಸರಬರಾಜು 2024ರಲ್ಲಿ ಸುಮಾರು 3.5 ಕೋಟಿಗೆ ಇಳಿಯಿತು ಎಂದು ಮಾರುಕಟ್ಟೆ ಸಮೀಕ್ಷೆ ನಡೆಸುವ ಐಡಿಸಿ ಸಂಸ್ಥೆಯ ಲೆಕ್ಕ ಹೇಳಿತು. ನನಗೆ ಇಳಿದದ್ದಕ್ಕಿಂತ ಅಷ್ಟು ಏರಿದ್ದೇ ಸೋಜಿಗ. ಏರಿದ್ದು ಹೇಗೆ ಎಂದು ಕಣ್ಣಾರೆ ಕಂಡಿದ್ದೇನೆ. 2021ರಲ್ಲಿ ಕೊರೊನಾದ ಎರಡನೇ ಅಲೆ ಬಂದಾಗ ಔಷಧಿ ಅಂಗಡಿಗಳಲ್ಲಿ ಆಕ್ಸಿಮೀಟರ್‌ಗೆ ಪರದಾಟ ನಡೆದಿತ್ತು. ಆಗ ‘ಆಮ್ಲಜನಕ ತೋರಿಸುವ ವಾಚು ಇದೆಯಾ’ ಎಂದು ಕೇಳುತ್ತಾ ಬಂದವರು, ಅದುವರೆಗೆ ಕೈಗೆ ಗಡಿಯಾರವನ್ನೇ ಕಟ್ಟದಿದ್ದವರು. ಅದರ ಬೆನ್ನಿಗೇ ಬೆಲೆಯ ಜೂಜು ಶುರುವಾಯಿತು. ಪೆಟ್ಟಿಗೆಯ ಮೇಲೆ ಏಳೆಂಟು ಸಾವಿರದ ಎಂಆರ್‌ಪಿ, ಕೈಗೆ ಬರುವುದು ಒಂದೂವರೆ ಸಾವಿರಕ್ಕೆ. ಐದನೇ ಒಂದು ಬೆಲೆಗೆ ಕೊಡುವ ವಸ್ತುವಿನ ನಿಜವಾದ ಬೆಲೆ ಎಷ್ಟೆಂದು ಜನ ಮೊದಲು ಯೋಚಿಸಲಿಲ್ಲ, ಆಮೇಲೆ ಯೋಚಿಸಿದರು.

ನಮ್ಮ ಅಂಗಡಿಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಇದೆ. ಅದರ ತುಂಬಾ ವಾಚಿನ ಚಾರ್ಜಿಂಗ್ ಕೇಬಲ್‌ಗಳು. ಒಂದಕ್ಕೆ ಎರಡು ಪಿನ್ನು, ಇನ್ನೊಂದಕ್ಕೆ ನಾಲ್ಕು. ಎರಡೇ ಪಿನ್ನು ಇದ್ದರೂ ಅವುಗಳ ನಡುವಿನ ಅಂತರ ಬೇರೆ, ಅಂತರ ಸರಿಹೊಂದಿದರೆ ಅಯಸ್ಕಾಂತ ತಿರುಗುಮುರುಗು, ಹತ್ತಿರ ತಂದರೆ ಕೇಬಲ್ಲು ವಾಚನ್ನು ತಳ್ಳಿಬಿಡುತ್ತದೆ. ಕೇಬಲ್ ಕಳೆದುಕೊಂಡ ಗಿರಾಕಿ ವಾಚು ಹಿಡಿದು ನಿಲ್ಲುತ್ತಾನೆ, ನಾನು ಡಬ್ಬಿ ಸುರಿದುಕೊಂಡು ಒಂದೊಂದಾಗಿ ತಾಗಿಸಿ ನೋಡುತ್ತೇನೆ. ಹೊಂದಿದರೆ ಅವನ ಪುಣ್ಯ. ಹೊಂದದಿದ್ದರೆ ಕೆಡದೇ ಇರುವ ವಾಚು ಅಂದಿಗೇ ಕಸ. ಫೋನುಗಳಿಗೆಲ್ಲ ಒಂದೇ ಬಗೆಯ ಟೈಪ್–ಸಿ ಚಾರ್ಜರ್ ಇರಲಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಮಾತುಕತೆ ನಡೆಸಿದಾಗ, ಕೈಗೆ ಕಟ್ಟುವ ಸಾಧನಗಳ ಚಾರ್ಜಿಂಗ್ ಬಗ್ಗೆಯೂ ಪರಿಶೀಲಿಸಲು ಒಂದು ಉಪಸಮಿತಿ ರಚಿಸುವುದಾಗಿ ಹೇಳಿತ್ತು. ನನ್ನ ಡಬ್ಬಿಯಂತೂ ಆಮೇಲೆಯೂ ತುಂಬುತ್ತಲೇ ಇದೆ.

ಬ್ಯಾಟರಿಯದು ಬೇರೆಯೇ ಗೋಳು. ಹಳೆಯ ಕ್ವಾರ್ಟ್ಜ್ ವಾಚಿನ ಹಿಂಬದಿ ಮುಚ್ಚಳ ತೆಗೆದು ಹೊಸ ಸೆಲ್ ಹಾಕಿದರೆ ಮುಗಿಯಿತು, ಎರಡು ವರ್ಷ ಅದರ ಸುದ್ದಿಗೇ ಹೋಗಬೇಕಿಲ್ಲ. ಅಗ್ಗದ ಸ್ಮಾರ್ಟ್‌ವಾಚಿನ ಮುಚ್ಚಳವನ್ನು ಅಂಟು ಹಾಕಿ ಕೂರಿಸಿರುತ್ತಾರೆ. ಬಿಸಿ ಮಾಡಿ ಎಬ್ಬಿಸಬೇಕು, ಎಬ್ಬಿಸುವಾಗ ಪರದೆಗೆ ಹೋಗುವ ತೆಳು ಪಟ್ಟಿ ಹರಿಯಬಹುದು. ಹರಿಯಲಿಲ್ಲ ಎನ್ನಿ, ಹಾಕಲು ಅದೇ ಅಳತೆಯ ಬ್ಯಾಟರಿ ಸಿಗಬೇಕಲ್ಲ! ಸರ್ವಿಸ್ ಸೆಂಟರ್ ಎಂದರೆ ಬಹಳಷ್ಟು ಕಂಪನಿಗಳಿಗೆ ಒಂದು ಕೊರಿಯರ್ ವಿಳಾಸ ಮಾತ್ರ.

ಆದರೂ ಇದೆಲ್ಲ ಸಹಿಸಬಹುದು. ನನಗೆ ಸಿಟ್ಟು ಬರುವುದು ರಕ್ತದೊತ್ತಡದ ವಿಷಯಕ್ಕೆ. ಕಳೆದ ದೀಪಾವಳಿಯ ಹೊತ್ತಿಗೆ ನಿವೃತ್ತ ಮೇಷ್ಟ್ರೊಬ್ಬರು ಬಂದು, ‘ಇದರಲ್ಲಿ ಬಿಪಿ ಸರಿಯಾಗಿಯೇ ತೋರಿಸುತ್ತಿದೆ, ಮಾತ್ರೆ ಬಿಡಬಹುದು ಅನಿಸುತ್ತದೆ’ ಎಂದರು. ವಾಚು ನನ್ನ ಅಂಗಡಿಯದಲ್ಲ, ಮಗ ಆನ್‌ಲೈನ್‌ನಲ್ಲಿ ತರಿಸಿಕೊಟ್ಟದ್ದು. ನಾನು ಅದನ್ನು ಬಿಚ್ಚಿಸಿ, ಕುಡಿಯುವ ನೀರಿನ ಬಾಟಲಿಗೆ ಟವೆಲ್ ಸುತ್ತಿ ಅದರ ಮೇಲೆ ಬಿಗಿಯಾಗಿ ಕಟ್ಟಿದೆ. ಹಸಿರು ದೀಪ ಮಿನುಗಿತು, ಅಂಕಿ ಒಂದಷ್ಟು ಹೊತ್ತು ತಿರುಗಿತು, ಆಮೇಲೆ ಬಾಟಲಿಯ ನಾಡಿ ನಿಮಿಷಕ್ಕೆ 74 ಎಂದು ಬಂತು. ಮೇಷ್ಟ್ರು ನಕ್ಕುಬಿಟ್ಟರು. ‘ಸಾರ್, ಮಾತ್ರೆಯ ಮಾತು ಡಾಕ್ಟರ ಹತ್ತಿರ ಆಡಿ’ ಎಂದು ಕಳಿಸಿದೆ.

ಬಾಟಲಿಗೆ ನಾಡಿ ಬಂದದ್ದರಲ್ಲಿ ಪವಾಡವೇನಿಲ್ಲ. ವಾಚು ಚರ್ಮದ ಮೇಲೆ ಬೆಳಕು ಬಿಟ್ಟು, ಮರಳಿ ಬರುವ ಬೆಳಕಿನ ಏರಿಳಿತದಿಂದ ನಾಡಿಯನ್ನು ಊಹಿಸುತ್ತದೆ. ಒಳ್ಳೆಯ ಕಂಪನಿಯದಾದರೆ ನಾಡಿಯ ಮಟ್ಟಿಗೆ ಆ ಊಹೆ ಸಾಕಷ್ಟು ಸರಿಯಾಗಿಯೇ ಇರುತ್ತದೆ. ಆದರೆ ರಕ್ತದೊತ್ತಡ ಅಳೆಯಲು ಆಸ್ಪತ್ರೆಯಲ್ಲಿ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ ಒತ್ತುತ್ತಾರೆ, ಬೆಳಕೊಂದೇ ಇಟ್ಟುಕೊಂಡ ವಾಚು ಒತ್ತುವುದು ಯಾವುದರಿಂದ? ದುಬಾರಿ ಸ್ಯಾಮ್‌ಸಂಗ್ ವಾಚಿನಲ್ಲೂ ನಾಲ್ಕು ವಾರಕ್ಕೊಮ್ಮೆ ತೋಳಿನ ಪಟ್ಟಿಯ ಯಂತ್ರದ ಜೊತೆ ತಾಳೆ ಹಾಕಬೇಕು ಎಂಬ ನಿಯಮವಿದೆ. ಸಕ್ಕರೆ ಕಾಯಿಲೆಯದು ಇನ್ನೂ ಅಪಾಯದ ಸಂಗತಿ. ಸೂಜಿ ಚುಚ್ಚದೆ ತಾನೇ ಸಕ್ಕರೆ ಪ್ರಮಾಣ ಅಳೆಯುವ ಯಾವ ವಾಚಿಗೂ, ಉಂಗುರಕ್ಕೂ ಮಾನ್ಯತೆ ಕೊಟ್ಟಿಲ್ಲ ಎಂದು ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲೇ ಎಚ್ಚರಿಸಿತು. ಹಾಗಿದ್ದೂ ‘ಶುಗರ್ ವಾಚ್’ ಜಾಹೀರಾತನ್ನು ಫೋನಿನಲ್ಲಿ ತೋರಿಸಿ, ಇದನ್ನು ತರಿಸಿಕೊಡುತ್ತೀರಾ ಎನ್ನುವವರು ಈಗಲೂ ಬರುತ್ತಾರೆ. ಇನ್ಸುಲಿನ್ ತೆಗೆದುಕೊಳ್ಳುವವರು ಅಂಥ ಅಂಕಿಯನ್ನು ನಂಬಿ ಕುಳಿತರೆ ಗತಿಯೇನು?

ಇನ್ನು ಕನ್ನಡ. ಫೋನಿಗೆ ಬಂದ ಸಂದೇಶ ಮಣಿಕಟ್ಟಿನಲ್ಲೇ ಕಾಣುತ್ತದೆ ಎಂದು ತಾನೇ ವಾಚು ಮಾರುವುದು? ‘ಅಮ್ಮನಿಗೆ ಔಷಧ ತಗೊಂಡು ಬಾ’ ಎಂದು ಮನೆಯಿಂದ ಕನ್ನಡದಲ್ಲಿ ಕಳಿಸಿದರೆ ಎಷ್ಟೋ ಅಗ್ಗದ ವಾಚುಗಳಲ್ಲಿ ಕಾಣುವುದು ಸಾಲಾಗಿ ಖಾಲಿ ಚೌಕಗಳು. ಕೆಲವು ಅಕ್ಷರ ತೋರಿಸುತ್ತವೆ, ಆದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದಿರುತ್ತದೆ. ‘ಅಣ್ಣ, ಇದು ಕೆಟ್ಟಿದೆಯಾ’ ಎಂದು ಹೊಲಿಗೆ ಕೆಲಸದ ತಂಗಿಯೊಬ್ಬಳು ತಂದು ತೋರಿಸಿದಳು. ಕೆಟ್ಟಿಲ್ಲಮ್ಮ, ಇದರೊಳಗೆ ಕನ್ನಡದ ಅಕ್ಷರಗಳನ್ನೇ ತುಂಬಿಸಿಲ್ಲ ಎಂದು ಹೇಳಲು ನನಗೇ ಮುಜುಗರವಾಯಿತು. ಮನೆಮಂದಿಯ ಮಾತನ್ನೇ ಓದಲಾರದ ವಾಚಿಗೆ ಆಕೆ ಮತ್ತೆ ದುಡ್ಡು ಸುರಿಯಲಿ ಎಂದು ಯಾವ ಕಂಪನಿಯಾದರೂ ಹೇಗೆ ಬಯಸುತ್ತದೆಯೋ!

ಮದುವೆ ಸೀಸನ್ನಿನಲ್ಲಿ ಇನ್ನೊಂದು ವಿಷಯ ಗಮನಿಸಿದ್ದೇನೆ. ನಿಶ್ಚಿತಾರ್ಥದಲ್ಲಿ ಅಳಿಯನ ಕೈಗೆ ಕಟ್ಟಲು ಯಾರೂ ಸ್ಮಾರ್ಟ್‌ವಾಚ್ ಒಯ್ಯುವುದಿಲ್ಲ. ಒಂದು ಕಾಲಕ್ಕೆ ಬೆಂಗಳೂರಿನ ಎಚ್‌ಎಂಟಿ ಒಯ್ಯುತ್ತಿದ್ದರು, ಈಗ ಚಿನ್ನದ ಬಣ್ಣದ ಮುಳ್ಳಿನ ವಾಚು ಒಯ್ಯುತ್ತಾರೆ. ಎಚ್‌ಎಂಟಿ ವಾಚಿನ ಕಂಪನಿಯನ್ನು 2016ರಲ್ಲಿ ಮುಚ್ಚುವ ತೀರ್ಮಾನವಾಯಿತು, ಆದರೂ ಅದರ ‘ಜನತಾ’ ವಾಚಿಗೆ ಕೀ ಕೊಟ್ಟುಕೊಂಡು ಓಡಾಡುವ ಹಿರಿಯರು ನಮ್ಮ ಬೀದಿಯಲ್ಲಿದ್ದಾರೆ. ಎರಡೇ ವರ್ಷಕ್ಕೆ ಅಪ್‌ಡೇಟ್ ನಿಲ್ಲುವ ವಸ್ತುವನ್ನು ಮಾವನಾದವನು ಹೇಗೆ ತಾನೇ ಕೊಟ್ಟಾನು?

ಹಾಗಾದರೆ ಕೊಳ್ಳುವುದೇ ಬೇಡವೇ? ಕೆಲವರಿಗೆ ಖಂಡಿತ ಬೇಕು. ಕಿವಿ ಮಂದವಾಗಿರುವ ಒಬ್ಬ ಗಿರಾಕಿ ಇದ್ದಾರೆ, ಕರೆ ಬಂದರೆ ವಾಚು ಮಣಿಕಟ್ಟಿನಲ್ಲಿ ನಡುಗಿ ಎಚ್ಚರಿಸುತ್ತದೆ, ಅವರು ಅದನ್ನು ಸ್ನಾನಕ್ಕೆ ಹೋಗುವಾಗ ಬಿಟ್ಟರೆ ಬಿಚ್ಚುವುದಿಲ್ಲ. ಓಟದ ಅಭ್ಯಾಸ ಮಾಡುವ ಪೊಲೀಸ್ ನೇಮಕಾತಿಯ ಹುಡುಗರಿಗೆ ಜಿಪಿಎಸ್ ಇರುವ ವಾಚು ಉಪಯೋಗಕ್ಕೆ ಬರುತ್ತದೆ. ಹೃದಯದ ಬಡಿತ ಏರುಪೇರಾಗುವವರಿಗೆ ವೈದ್ಯರೇ ಹೇಳಿದ್ದರೆ, ಇಸಿಜಿ ಸೌಲಭ್ಯವಿರುವ ದುಬಾರಿ ವಾಚು ಪ್ರಯೋಜನಕ್ಕೆ ಬಂದೀತು. ಆಪಲ್ 2018ರಲ್ಲೇ ಅದನ್ನು ತಂದಿತು, ಆದರೆ ಅದಕ್ಕೆ ಐಫೋನೇ ಬೇಕು. ಉಳಿದವರಿಗೆ ನಾನು ಹೇಳುವುದು ಇಷ್ಟೇ: ಬಿಪಿ ಚಿಂತೆ ಇದ್ದರೆ ಅದೇ ಒಂದೂವರೆ ಎರಡು ಸಾವಿರಕ್ಕೆ ತೋಳಿಗೆ ಸುತ್ತುವ ಯಂತ್ರ ಬರುತ್ತದೆ, ಮನೆಮಂದಿಗೆಲ್ಲ ಆಗುತ್ತದೆ. ಅದು ನನ್ನ ಅಂಗಡಿಯಲ್ಲಿಲ್ಲ, ಎದುರಿನ ಔಷಧಿ ಅಂಗಡಿಗೆ ಹೋಗಿ.

ಸರ್ಕಾರಕ್ಕೂ ಕಂಪನಿಗಳಿಗೂ ತಮ್ಮ ಪತ್ರಿಕೆಯ ಮೂಲಕ ನನ್ನದೊಂದು ಬೇಡಿಕೆ ಇದೆ. ‘ಇದು ವೈದ್ಯಕೀಯ ಸಾಧನವಲ್ಲ’ ಎಂಬ ಸಾಲು ಈಗ ಪೆಟ್ಟಿಗೆಯೊಳಗಿನ ಮಡಿಸಿದ ಚೀಟಿಯಲ್ಲಿ, ಭೂತಗನ್ನಡಿ ಹಿಡಿದರೂ ಕಾಣದಷ್ಟು ಸಣ್ಣ ಇಂಗ್ಲಿಷಿನಲ್ಲಿದೆ. ಅದನ್ನು ಪೆಟ್ಟಿಗೆಯ ಮುಂಭಾಗದಲ್ಲಿ, ಹೃದಯದ ಚಿತ್ರದ ಪಕ್ಕದಲ್ಲೇ, ಅಷ್ಟೇ ದೊಡ್ಡದಾಗಿ ಕನ್ನಡದಲ್ಲಿ ಅಚ್ಚು ಹಾಕಿಸಲಿ. ದುರಸ್ತಿಯ ಹಕ್ಕಿಗೆಂದು ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಜಾಲತಾಣ ತೆರೆದಿದೆಯಲ್ಲ, ಅದರಲ್ಲಿ ವಾಚಿನ ಬ್ಯಾಟರಿ, ಕೇಬಲ್, ಬೆಲ್ಟು ಎಲ್ಲಿ ಸಿಗುತ್ತವೆ, ಎಷ್ಟು ಬೆಲೆ ಎಂಬುದನ್ನು ಪ್ರತಿ ಕಂಪನಿಯೂ ಹಾಕುವಂತಾಗಲಿ. ಆಗ ಮೊದಲನೇ ವಾಚಿನ ಮಾರಾಟ ಇನ್ನಷ್ಟು ಇಳಿಯಬಹುದು, ನನ್ನ ಅಂಗಡಿಗೂ ಅದರ ಬಿಸಿ ತಟ್ಟೀತು. ಈಗಲೂ ಮೇಲಿನ ಕಪಾಟಿನಲ್ಲಿ ಆರೇಳು ಪೆಟ್ಟಿಗೆ ಕುಳಿತೇ ಇವೆ. ವಿತರಕರು ವಾಪಸು ತೆಗೆದುಕೊಳ್ಳಲು ಒಪ್ಪುತ್ತಿಲ್ಲ.

— ಮೊಬೈಲ್ ಬಿಡಿಭಾಗಗಳ ವ್ಯಾಪಾರಿ, ದಾವಣಗೆರೆ