ಕಡಿಮೆ ನುಡಿಸಿ ಮಾತು ಕೇಳಿಸಿದವರಿಗೆ

ನಮ್ಮ ಲೈವ್ ಆಲ್ಬಂ ಹೊರಗೆ ಬಂದಿದೆ. ಮೈಸೂರಿನ ಬಯಲು ರಂಗಮಂದಿರದಲ್ಲಿ, ಪೂರ್ತಿ ಬ್ಯಾಂಡ್ ಕಟ್ಟಿಕೊಂಡು, ಜನರ ಎದುರಿಗೇ ರೆಕಾರ್ಡ್ ಆದ ಕನ್ನಡ ರ‍್ಯಾಪ್ ಇದು. ಕವರ್ ಮೇಲಿರುವುದು ಹಾಡಿದವರ ಮುಖ, ಆದರೆ ಹಾಡು ನಿಂತಿರುವುದು ಹಿಂದೆ ಕೂತವರ ಮೇಲೆ. ಅವರಲ್ಲಿ ಹೆಚ್ಚಿನವರು ಹೆಸರು ಹಾಕಬೇಡಿ ಅಂದಿದ್ದಾರೆ. ಹಾಗಾಗಿ ಅವರವರ ಕೆಲಸ ಹಿಡಿದೇ ಕೈ ಮುಗಿಯುತ್ತೇವೆ.

ಮೊದಲು ಡ್ರಮ್ಸ್ ಅಣ್ಣನಿಗೆ. ಆರ್ಕೆಸ್ಟ್ರಾದಲ್ಲಿ ಪಲ್ಲವಿ ಮುಗಿಯುತ್ತಿದ್ದಂತೆ ರೋಲ್ ಕೊಡಬೇಕು, ಖಾಲಿ ಜಾಗ ಕಂಡರೆ ತುಂಬಬೇಕು. ರ‍್ಯಾಪ್‌ಗೆ ನುಡಿಸುವಾಗ ಆ ಅಭ್ಯಾಸವನ್ನೇ ಬಿಡಬೇಕಾಗುತ್ತೆ. ನಾಲ್ಕು ಬಾರ್‌ನ ಒಂದು ಲೂಪ್ (ಮತ್ತೆ ಮತ್ತೆ ಬರುವ ತುಣುಕು; ಒಂದು ಬಾರ್ ಅಂದರೆ ನಾಲ್ಕು ಬೀಟ್) ಹಿಡಿದರೆ 16 ಬಾರ್ ಮುಗಿಯುವ ತನಕ ಅದು ಅಲ್ಲಾಡಬಾರದು. 90 ಬಿಪಿಎಂನಲ್ಲಿ, ಅಂದರೆ ನಿಮಿಷಕ್ಕೆ 90 ಬೀಟ್ ವೇಗದಲ್ಲಿ, ಬೀಟಿಗೆ ನಾಲ್ಕು ಅಕ್ಷರ ಅಂದರೂ ಸೆಕೆಂಡಿಗೆ ಆರು ಅಕ್ಷರ ಬಾಯಿಂದ ಬರುತ್ತಿರುತ್ತೆ. ಅದರ ಮೇಲೆ ಒಂದು ಟಾಮ್ ರೋಲ್ ಬಿದ್ದರೆ ಪ್ರಾಸ ಅಲ್ಲೇ ಮುಚ್ಚಿಹೋಯ್ತು. ಅಣ್ಣ ತಮ್ಮ ರೋಲ್‌ಗಳನ್ನೆಲ್ಲ ಹಾಡುವವರು ಉಸಿರು ತೆಗೆದುಕೊಳ್ಳುವ ಜಾಗಕ್ಕೇ ಇಟ್ಟರು. ಮಂಡ್ಯದ ಮಾತಿನಲ್ಲಿರುವ ಹಾಡಿನಲ್ಲಿ ಸಾಲಿನ ಕೊನೆಯ ‘ಕಣ್ಲಾ’ ಸರಿಯಾಗಿ ಸ್ನೇರ್ (ಚಟ್ ಅನ್ನುವ ಚಿಕ್ಕ ಡ್ರಮ್) ಏಟಿನ ಮೇಲೇ ಬೀಳುತ್ತೆ. ಆ ಚರಣ ಪೂರ್ತಿ ಅವರು ಸ್ನೇರ್ ಬಾರಿಸಲೇ ಇಲ್ಲ, ಕೋಲನ್ನು ಅಡ್ಡ ಹಿಡಿದು ಡ್ರಮ್ಮಿನ ಅಂಚನ್ನಷ್ಟೇ ತಟ್ಟಿದರು. ಹೆಡ್‌ಫೋನ್ ಹಾಕಿಕೊಂಡು ಕೇಳಿ, ಪ್ರತಿ ‘ಲಾ’ ಬಿಡಿಬಿಡಿಯಾಗಿ ಸಿಗುತ್ತೆ.

ಇನ್ನೂ ಒಂದು ಉಪಕಾರ ಅವರದ್ದೇ. ಬ್ಯಾಂಡ್ ದಿಢೀರ್ ನಿಲ್ಲುವ ಬ್ರೇಕ್‌ಗಳಲ್ಲಿ ಡ್ರಮ್ಮರ್‌ನ ಹೆಡ್‌ಫೋನಿನಿಂದ ಕ್ಲಿಕ್ ಸದ್ದು (ತಾಳ ತಪ್ಪದಿರಲಿ ಅಂತ ಕಿವಿಗೆ ಕೊಡುವ ಟಿಕ್ ಟಿಕ್) ಸೋರಿ ತಲೆ ಮೇಲಿನ ಮೈಕ್‌ಗೆ ಹೋಗುತ್ತೆ. ಒಮ್ಮೆ ಹೋದರೆ ಮಿಕ್ಸಿಂಗ್‌ನಲ್ಲಿ ತೆಗೆಯುವುದು ಬಹಳ ಕಷ್ಟ. ಅವರು ಕಿವಿಯೊಳಗೆ ಬಿಗಿಯಾಗಿ ಕೂರುವ ಇಯರ್‌ಫೋನ್ ಹಾಕಿಕೊಂಡು, ಪ್ರತಿ ಬ್ರೇಕ್‌ಗೂ ಮುಂಚೆ ಕ್ಲಿಕ್ ತಗ್ಗಿಸಿಕೊಂಡರು.

ಬೇಸ್ ಮತ್ತು ಕೀಬೋರ್ಡ್‌ನವರಿಗೆ. ಕಿಕ್ಕೂ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಬೇಸ್ ಗಿಟಾರೂ 60 ಹರ್ಟ್ಜ್ ಆಸುಪಾಸಿನಲ್ಲೇ ಕೂತರೆ ಎರಡೂ ಮಂಕಾಗುತ್ತವೆ. ಬೇಸ್ ಜೊತೆಗೆ ತಗ್ಗಿನ ಸ್ವರ ನುಡಿಸುವ ಕೀಬೋರ್ಡಿನ ಎಡಗೈಯೂ ಸೇರಿದರೆ ಕೆಸರು. ಎಡಗೈ ಎತ್ತಿಟ್ಟು ಬರೀ ಬಲಗೈಯಲ್ಲಿ ನುಡಿಸುವುದಕ್ಕೆ ಒಪ್ಪಿದ ಕೀಬೋರ್ಡ್ ಅಕ್ಕನಿಗೆ ವಿಶೇಷ ವಂದನೆ. ಗಿಟಾರ್ ನುಡಿಸಿದ ತಮ್ಮ ತನ್ನ ಸದ್ದಿನಲ್ಲಿ 2ರಿಂದ 4 ಕಿಲೋಹರ್ಟ್ಜ್ ನಡುವಿನ ಭಾಗ ತಗ್ಗಿಸಿದ, ವ್ಯಂಜನಗಳು ಸ್ಪಷ್ಟವಾಗುವುದು ಅಲ್ಲೇ. 2001ರಲ್ಲಿ ಅಮೆರಿಕದ ರ‍್ಯಾಪರ್ ಜೇ-ಝೀ ಟಿವಿ ಕಾರ್ಯಕ್ರಮ ಎಂಟಿವಿ ಅನ್‌ಪ್ಲಗ್ಡ್‌ನಲ್ಲಿ ಹಾಡಿದಾಗ ಹಿಂದೆ ನುಡಿಸಿದವರು ಫಿಲಡೆಲ್ಫಿಯಾದ ದಿ ರೂಟ್ಸ್ ಬ್ಯಾಂಡಿನವರು. ಆ ರೆಕಾರ್ಡನ್ನು ಬ್ಯಾಂಡಿನ ಕಡೆ ಗಮನ ಕೊಟ್ಟು ಕೇಳಿದರೆ ಅಷ್ಟು ಒಳ್ಳೆಯ ವಾದಕರು ಎಷ್ಟು ಬಿಟ್ಟುಕೊಟ್ಟಿದ್ದಾರೆ ಅಂತ ತಿಳಿಯುತ್ತೆ. ನಮ್ಮವರೂ ಅದೇ ದಾರಿ ಹಿಡಿದರು ಅನ್ನುವುದು ನಮ್ಮ ಹೆಮ್ಮೆ.

ಮಂಡ್ಯದ ತಮಟೆ ತಂಡಕ್ಕೆ ಎಷ್ಟು ಹೇಳಿದರೂ ಸಾಲದು. ಸಂಜೆ ತಂಪೇರಿದರೆ ತಮಟೆಯ ಚರ್ಮ ಸಡಿಲವಾಗಿ ದನಿ ಇಳಿಯುತ್ತೆ, ಬೆಂಕಿಗೆ ಹಿಡಿದರೆ ಬಿಗಿಯಾಗಿ ಏರುತ್ತೆ, ಹೆಚ್ಚು ಕಾಯಿಸಿದರೆ ಅಂಚಿನಲ್ಲಿ ಬಿರಿಯುತ್ತೆ. ಹಾಗಾಗಿ ಎರಡು ಜೊತೆ ತಂದಿದ್ದರು. ಒಂದು ವೇದಿಕೆ ಮೇಲಿದ್ದಾಗ ಇನ್ನೊಂದು ಹಿಂದೆ ಬೆಂಕಿಗೆ ಕಾಯುತ್ತಿತ್ತು. ಬೆರಳಿನಿಂದ ಒಂದು ಸಲ ತಟ್ಟಿ, ಕಿವಿ ಕೊಟ್ಟು, ಸಾಕು ಅಂತ ನಿರ್ಧರಿಸುತ್ತಿದ್ದ ಹಿರಿಯರ ಲೆಕ್ಕ ರಾತ್ರಿ ಪೂರ್ತಿ ತಪ್ಪಲಿಲ್ಲ. ಅವರು ನಿಂತ ಜಾಗಕ್ಕೂ ಕಾರಣ ಇತ್ತು. ಹಾಡುವವರ ಮೈಕ್ ತನ್ನ ಎದುರಿನ ಸದ್ದನ್ನು ಹಿಡಿಯುತ್ತೆ, ಬೆನ್ನ ಹಿಂದಿನದು ಅದಕ್ಕೆ ಅಷ್ಟಾಗಿ ಕೇಳಿಸಲ್ಲ. ತಮಟೆಯನ್ನು ಹಾಡುವವರ ಹಿಂದೆ ನಿಲ್ಲಿಸಿದರೆ ನೇರವಾಗಿ ಮೈಕ್ ಬಾಯಿಗೇ ಹೊಡೆಯುತ್ತೆ. ವೇದಿಕೆಯಿಂದ ಕೆಳಗೆ ಇಳಿಸುವ ಮಾತೇ ಇರಲಿಲ್ಲ. ಹಾಡುವವರಿಗಿಂತ ಮುಂದೆ, ವೇದಿಕೆಯ ಅಂಚಿನ ಎರಡೂ ಬದಿಗೆ ನಿಂತರು. ಜನ ಮೊದಲು ನೋಡಿದ್ದೇ ಅವರನ್ನು.

ಮೈಕ್ ತಲೆಯನ್ನು ಮುಷ್ಟಿಯಲ್ಲಿ ಮುಚ್ಚದೆ ಹಿಡಿಯಲ್ಲೇ ಹಿಡಿದ ಹಾಡುಗಾರರಿಗೂ ಥ್ಯಾಂಕ್ಸ್. ನೋಡುವುದಕ್ಕೆ ಮುಷ್ಟಿ ಗತ್ತಾಗಿರುತ್ತೆ, ನಿಜ. ಆದರೆ ಹಿಂದಿನ ರಂಧ್ರ ಮುಚ್ಚಿದ ಮೈಕ್ ಸುತ್ತಲಿನ ಸದ್ದನ್ನೆಲ್ಲ ಎಳೆದುಕೊಂಡು ಕುಂಯ್ ಅನ್ನುತ್ತೆ, ಮಾತು ಮಡಕೆಯೊಳಗಿಂದ ಬಂದ ಹಾಗಿರುತ್ತೆ.

ಕರೆಂಟ್ ನೋಡಿಕೊಂಡ ಅಣ್ಣಂದಿರು ಲೈಟಿನ ಡಿಮ್ಮರ್‌ಗಳಿಗೆ ಒಂದು ಫೇಸ್, ಸೌಂಡಿಗೆ ಇನ್ನೊಂದು ಫೇಸ್ ಕೊಟ್ಟು, ಜನರೇಟರನ್ನು ದೂರ ನಿಲ್ಲಿಸಿದರು. ಎರಡೂ ಒಂದೇ ಫೇಸ್‌ನಲ್ಲಿದ್ದರೆ ಲೈಟ್ ಮಂದ ಮಾಡಿದಾಗಲೆಲ್ಲ ಗಿಟಾರ್ ಲೈನಿನಲ್ಲಿ ಜುಂಯ್ ಅನ್ನುವ ಸಾಧ್ಯತೆ ಹೆಚ್ಚು.

ರೆಕಾರ್ಡಿಂಗ್ ಮೇಜಿನಲ್ಲಿ ಕೂತವರಿಗೆ. ಪ್ರತಿ ಮೈಕೂ ಸ್ಪ್ಲಿಟರ್‌ನಲ್ಲಿ ಎರಡಾಗಿ ಒಡೆದು, ಒಂದು ಜನರ ಸ್ಪೀಕರ್‌ಗೆ, ಒಂದು ರೆಕಾರ್ಡರ್‌ಗೆ ಹೋಯಿತು. ಕೆಲವು ಮೈಕ್‌ಗಳಿಗೆ ಕೇಬಲಿನಲ್ಲೇ ಹೋಗುವ 48 ವೋಲ್ಟ್ ಕರೆಂಟ್ (ಫ್ಯಾಂಟಮ್ ಪವರ್) ಒಂದೇ ಕಡೆಯಿಂದ. 24 ಚಾನೆಲ್, 24 ಬಿಟ್, 48 ಕಿಲೋಹರ್ಟ್ಜ್ ಅಂದರೆ ಗಂಟೆಗೆ ಸುಮಾರು 12.4 ಜಿಬಿ, ಅದೂ ಎರಡು ಯಂತ್ರಗಳಲ್ಲಿ ಒಟ್ಟಿಗೆ. ಸೌಂಡ್ ಚೆಕ್‌ನಲ್ಲಿ ಮೆಲ್ಲಗೆ ಹಾಡುವವರು ಜನ ಸೇರಿದ ಮೇಲೆ ಕೂಗುತ್ತಾರೆ ಅಂತ ಅವರಿಗೆ ಗೊತ್ತಿತ್ತು. ಲೆವೆಲ್ ಮೈನಸ್ 12 ಡಿಬಿ ದಾಟದಂತೆ ಇಟ್ಟಿದ್ದರಿಂದ (ಸದ್ದು ಒಡೆಯುವುದು ಸೊನ್ನೆ ದಾಟಿದರೆ) ಒಂದು ಸಾಲೂ ಒಡೆಯಲಿಲ್ಲ.

ಇನ್ನು ಬಂದ ಜನ. ನಿಮ್ಮ ಕೂಗಿಗೆ ಅಂತಲೇ ವೇದಿಕೆಯಿಂದ 15 ಮೀಟರ್ ದೂರ ಎರಡು ಮೈಕ್ ಇದ್ದವು. ಅಷ್ಟು ದೂರಕ್ಕೆ ವೇದಿಕೆಯ ಸದ್ದು ತಲುಪಲು 44 ಮಿಲಿಸೆಕೆಂಡ್ ಬೇಕು, ಹಾಗೇ ಬೆರೆಸಿದರೆ ಡ್ರಮ್ಸ್ ಎರಡೆರಡಾಗಿ ಕೇಳಿಸುತ್ತೆ. ಮಿಕ್ಸಿಂಗ್ ಮಾಡಿದ ಗೆಳೆಯ ಆ ಟ್ರ್ಯಾಕ್‌ಗಳನ್ನು ಹಾಡುಹಾಡಿಗೂ ಅಷ್ಟೇ ಮುಂಚೆ ಬರುವಂತೆ ಸರಿಸಿ ಕೂರಿಸಿದ. ಚರಣದ ನಡುವೆ ನೀವು ತೋರಿಸಿದ ಮೌನವೂ ಅದರಲ್ಲಿದೆ.

ಮೈಸೂರು, ಮಂಡ್ಯದಲ್ಲಿ ಮಿಕ್ಸಿಂಗ್ ಕಲಿಯುತ್ತಿರುವವರಿಗೆ ಒಂದು ಹಾಡಿನ ಎಲ್ಲ 24 ಟ್ರ್ಯಾಕ್ ಕೊಡುವುದಕ್ಕೆ ಬ್ಯಾಂಡಿನವರು, ತಮಟೆ ತಂಡದವರು ಎಲ್ಲರೂ ಒಪ್ಪಿದ್ದಾರೆ. ನಾಲ್ಕು ನಿಮಿಷದ ಹಾಡು, ಸುಮಾರು 830 ಎಂಬಿ. ಪೆನ್‌ಡ್ರೈವ್ ತನ್ನಿ, ಹಾಕಿಕೊಡುತ್ತೇವೆ.