ಡೋಪಮೈನ್‌ಗೆ ಅಂಟಿದ ತಪ್ಪು ಹೆಸರು

ಮಾನ್ಯರೇ,

ಮೊಬೈಲ್ ಗೀಳಿನ ಕುರಿತ ಬಹುತೇಕ ಬರಹಗಳು ಮಿದುಳಿನ ಕೆಲವು ನರಕೋಶಗಳು ಸ್ರವಿಸುವ ಡೋಪಮೈನನ್ನು ‘ಸುಖದ ರಾಸಾಯನಿಕ’ ಎಂದು ಕರೆದು ಮುಂದೆ ಸಾಗುತ್ತವೆ. ಪದವಿಪೂರ್ವ ತರಗತಿಗಳಿಗೆ ಜೀವಶಾಸ್ತ್ರ ಬೋಧಿಸುವ ನನ್ನೆದುರು ವಿದ್ಯಾರ್ಥಿಗಳೂ ಅದನ್ನೇ ಒಪ್ಪಿಸುತ್ತಾರೆ. ನರಕೋಶಗಳ ನಡುವಿನ ರಾಸಾಯನಿಕ ಸಂಕೇತಗಳು ಕಲಿಕೆಗೆ ಹೇಗೆ ನೆರವಾಗುತ್ತವೆ ಎಂಬ ಮುಖ್ಯ ಸಂಗತಿಯೇ ಈ ಹೆಸರಿನಿಂದಾಗಿ ಮರೆಯಾಗುತ್ತಿದೆ.

ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಜ್ ಅವರು ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ನೋಡಿ. ಬಾಯಿಗೆ ಹಣ್ಣಿನ ರಸದ ಹನಿ ಬಿದ್ದಾಗ ಡೋಪಮೈನ್ ಸ್ರವಿಸುವ ನರಕೋಶಗಳು ಮೊದಮೊದಲು ಜೋರಾಗಿ ಮಿಡಿದವು. ದೀಪ ಹೊತ್ತಿದ ಮೇಲೆ ರಸ ಬರುತ್ತದೆಂದು ಕೋತಿ ಕಲಿತ ಬಳಿಕ ಅವು ದೀಪಕ್ಕೇ ಮಿಡಿಯತೊಡಗಿದವು. ರಸ ಬಂದಾಗ ವಿಶೇಷವೇನೂ ಆಗಲಿಲ್ಲ. ದೀಪ ಹೊತ್ತಿಯೂ ರಸ ತಪ್ಪಿದರೆ, ಅದು ಬರಬೇಕಿದ್ದ ಕ್ಷಣಕ್ಕೆ ಸರಿಯಾಗಿ ಮಿಡಿತ ಕುಗ್ಗಿತು. ರಸ ಅದೇ, ನಾಲಿಗೆಯೂ ಅದೇ; ಬದಲಾದದ್ದು ನಿರೀಕ್ಷೆ ಮಾತ್ರ. ನಿರೀಕ್ಷಿಸಿದ್ದಕ್ಕೂ ದೊರೆತದ್ದಕ್ಕೂ ಇರುವ ಅಂತರವನ್ನೇ ಈ ಕೋಶಗಳು ಸಾರುತ್ತವೆ ಎಂದು ಶುಲ್ಟ್ಜ್, ಪೀಟರ್ ದಯಾನ್ ಮತ್ತು ರೀಡ್ ಮಾಂಟೆಗ್ಯು 1997ರಲ್ಲಿ ವಿವರಿಸಿದರು.

ಈ ಸಾರುವಿಕೆಯಿಂದ ಆಗುವುದೇನು? ಒಂದು ನರಕೋಶ ಸ್ರವಿಸುವ ಗ್ಲುಟಮೇಟ್ ಎಂಬ ಮತ್ತೊಂದು ಸಂಕೇತ ರಾಸಾಯನಿಕ, ಸುಮಾರು 20 ನ್ಯಾನೊಮೀಟರ್ ಅಗಲದ ಸಂದು ದಾಟಿ ಮುಂದಿನದನ್ನು ತಟ್ಟುತ್ತದೆ. ಹಾಗೆ ತಟ್ಟಿಸಿಕೊಂಡ ಸಂಪರ್ಕಗಳಲ್ಲಿ ಯಾವುದು ಉಳಿಸಿಕೊಳ್ಳಲು ಯೋಗ್ಯ ಎಂಬುದನ್ನು ತುಸು ತಡವಾಗಿ ಬರುವ ಡೋಪಮೈನ್ ತೀರ್ಮಾನಿಸುತ್ತದೆ. ಗ್ಲುಟಮೇಟ್ ತಟ್ಟಿದ ಬಳಿಕ ಸುಮಾರು ಎರಡು ಸೆಕೆಂಡಿನೊಳಗೆ ಡೋಪಮೈನ್ ಬಂದರೆ ಮಾತ್ರ ನರಕೋಶದ ಸಂಪರ್ಕ ಮುಳ್ಳು (ಸಂಕೇತವನ್ನು ಪಡೆಯುವ ಪುಟ್ಟ ಚಾಚು) ದೊಡ್ಡದಾಗುವುದನ್ನು ಜಪಾನಿನ ವಿಜ್ಞಾನಿಗಳು 2014ರಲ್ಲಿ ಇಲಿಯ ಮಿದುಳಿನ ಅಂಗಾಂಶದಲ್ಲಿ ಕಂಡರು. ಈ ಲೆಕ್ಕವನ್ನು ನೇರವಾಗಿ ಮಕ್ಕಳ ಪಾಠಕ್ಕೆ ಅನ್ವಯಿಸುವುದು ಆತುರವಾದೀತು, ಆದರೆ ಕಲಿಕೆಗೆ ಹೊತ್ತಿನ ಹೊಂದಾಣಿಕೆ ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಂಡಿಲ್ಲ.

‘ಹಾಗಾದರೆ ಡೋಪಮೈನ್ ಕಡಿಮೆಯಾದಷ್ಟೂ ಒಳ್ಳೆಯದಲ್ಲವೇ?’ ಎಂದು ಮೊಬೈಲ್‌ನಂಥ ಸುಖಗಳಿಂದ ಕೆಲಕಾಲ ದೂರವಿರುವ ‘ಡೋಪಮೈನ್ ಉಪವಾಸ’ದ ವಿಡಿಯೊ ನೋಡಿ ಬಂದ ವಿದ್ಯಾರ್ಥಿನಿಯೊಬ್ಬಳು ಕಳೆದ ವಾರ ಕೇಳಿದಳು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮೈನ್ ಸ್ರವಿಸುವ ಕೋಶಗಳೇ ನಶಿಸುತ್ತವೆ. ಕೈ ನಡುಗುತ್ತದೆ, ಹೆಜ್ಜೆ ಎತ್ತಿಡುವುದೇ ಕಷ್ಟವಾಗುತ್ತದೆ, ದೊರೆತ ಪ್ರತಿಫಲದಿಂದ ಕಲಿಯುವ ಶಕ್ತಿಯೂ ಕುಂದಬಹುದು ಎಂದು ಹೇಳಿದಾಗ ಅವಳು ಮೌನವಾದಳು. ಆ ಪ್ರಶ್ನೆ ಅವಳದಲ್ಲ, ನಾವು ಕೊಟ್ಟ ಹೆಸರಿನದು. ಮುಂದಿನ ಲೇಖನಗಳಲ್ಲಾದರೂ ಡೋಪಮೈನನ್ನು ‘ನಿರೀಕ್ಷೆಯನ್ನು ತಿದ್ದುವ ಸಂಕೇತ’ ಎಂದು ಪರಿಚಯಿಸಬೇಕೆಂದು ಕೋರುತ್ತೇನೆ.

– ಜೀವಶಾಸ್ತ್ರ ಉಪನ್ಯಾಸಕಿ, ಹಾಸನ